ಫಾದರ್ ಜೆರೋಮ್ ಡಿಸೋಜಾ ಸ್ಮಾರಕ ವಾಚನಾಲಯದ ಮಾಡು ದುರಸ್ತಿಗೆ ದೇಣಿಗೆಯ ಮನವಿ

ಆತ್ಮೀಯ ದಾನಿಗಳಲ್ಲಿ ವಿನಂತಿ,

ಜುಲೈ ತಿಂಗಳ ಗಾಳಿಮಳೆಗೆ ನಮ್ಮ ವಾಚನಾಲಯದ ಪಡುಬದಿಯ ಮಾಡು ಕುಸಿದ ಸಂಗತಿ ನಿಮ್ಮಲ್ಲಿ ಅನೇಕರಿಗೆ ತಿಳಿದೇ ಇದೆ. ಗೆದ್ದಲು ಹಿಡಿದ ಪಕ್ಕಾಸುಗಳು (ಮಾಡನ್ನು ಹೊರುವ ಮರದ ತೊಲೆಗಳು) ಹೆಂಚಿನ ಭಾರ ತಾಳಲಾರದೆ ಮುರಿದು, ಸಂವಿಧಾನ ಸಭೆಯ ಚರ್ಚೆಗಳ ಸಂಪುಟಗಳಿದ್ದ ಕಪಾಟಿನ ಮೇಲೆಯೇ ನೀರು ಸುರಿಯಿತು. ಎಷ್ಟು ಒಣಗಿಸಿದರೂ ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇವೆ. ಈ ಕೊಠಡಿಗೆ ಯಾರ ಹೆಸರಿದೆಯೋ ಅವರು ಅದೇ ಸಭೆಯ ಸದಸ್ಯರಾಗಿದ್ದವರಾದ್ದರಿಂದ ನಮಗೆ ಹೆಚ್ಚು ಸಂಕಟವಾಗಿದೆ.

ವಂದನೀಯ ಫಾದರ್ ಜೆರೋಮ್ ಡಿಸೋಜಾ ಅವರು 1897ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಜೆಸುಯಿಟ್ ಗುರುಗಳ ಸಂಘವಾದ ಯೇಸುಸಭೆಯನ್ನು ಸೇರಿ, ಗುರುದೀಕ್ಷೆ ಪಡೆದು, ಮದರಾಸಿನ ಲೊಯೋಲಾ ಕಾಲೇಜಿನ ಪ್ರಾಂಶುಪಾಲರಾದವರೆಂದು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೂ ಹೇಳದೆ ಇರಲಾಗುತ್ತಿಲ್ಲ. ಕಾಲೇಜಿನ ಹೊಣೆ ಹೊತ್ತಿದ್ದ ಕಾಲದಲ್ಲೇ ಅವರು ಮದರಾಸು ಪ್ರಾಂತದಿಂದ ಸಂವಿಧಾನ ಸಭೆಗೆ ಆಯ್ಕೆಯಾದರು. ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಡವೆಂಬ ತೀರ್ಮಾನ 1949ರಲ್ಲಿ ಚರ್ಚೆಗೆ ಬಂದಾಗ, ಸ್ವತಃ ಅಲ್ಪಸಂಖ್ಯಾತ ಸಮುದಾಯದ ಧರ್ಮಗುರುವಾಗಿದ್ದೂ ಅದನ್ನು ಬೆಂಬಲಿಸಿ ಮಾತನಾಡಿದರು. ಅದೇ ವರ್ಷ ಭಾರತದ ನಿಯೋಗದೊಂದಿಗೆ ವಿಶ್ವಸಂಸ್ಥೆಯ ಮಹಾಸಭೆಗೂ ಹೋಗಿಬಂದರು. ಇಂದು ದೆಹಲಿಯಲ್ಲಿರುವ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್ 1951ರಲ್ಲಿ ಪುಣೆಯಲ್ಲಿ ಆರಂಭವಾದದ್ದು ಅವರ ಮುಂದಾಳುತನದಲ್ಲಿಯೇ. ಚರ್ಚಿನ ಬಲಿಪೂಜೆ, ಕಾಲೇಜು, ರಾಜಕಾರಣ ಮೂರನ್ನೂ ಒಬ್ಬರೇ ತೂಗಿಸಿಕೊಂಡು ಹೋಗುವುದು ಸುಲಭದ ಮಾತಲ್ಲ. ನಮ್ಮ ಮಟ್ಟಿಗೆ ಅವರು ಮೊದಲು ಮೇಷ್ಟ್ರು, ಉಳಿದದ್ದೆಲ್ಲ ಆಮೇಲೆ.

1977ರಲ್ಲಿ ತೀರಿಕೊಂಡ ಅವರ ನೆನಪಿಗಾಗಿ ಹಿರಿಯರು ತೆರೆದ ಈ ವಾಚನಾಲಯದಲ್ಲಿ ಓದಿದವರು ಇಂದು ಅಧ್ಯಾಪಕರೂ ವಕೀಲರೂ ಆಗಿದ್ದಾರೆಂಬುದು ನಮ್ಮ ಹೆಮ್ಮೆ. ಈಗ ಬರುವವರಲ್ಲಿ ಹೆಚ್ಚಿನವರು ಬೀಡಿ ಕಟ್ಟುವ ತಾಯಂದಿರ, ಬೋಟಿಗೆ ಹೋಗುವ ತಂದೆಯರ ಮಕ್ಕಳು. ಒಂದೇ ಕೋಣೆಯ ಮನೆಯಲ್ಲಿ ಟಿವಿಯ ಸದ್ದಿನ ನಡುವೆ ಓದಲಾಗದೆ ಸಂಜೆ ಇಲ್ಲಿಗೆ ಬರುತ್ತಾರೆ. ಸದ್ಯ ಟಾರ್ಪಾಲಿನಡಿ ಎರಡೇ ಬೆಂಚುಗಳಿಗೆ ಜಾಗವಿರುವುದರಿಂದ, ಪರೀಕ್ಷೆಗೆ ಕೂರುವವರನ್ನು ಬಿಟ್ಟು ಉಳಿದವರನ್ನು ವಾಪಸು ಕಳುಹಿಸುತ್ತಿದ್ದೇವೆ.

ಪಕ್ಕಾಸು, ರೀಪು, ಹೆಂಚು, ಕೂಲಿ ಎಲ್ಲ ಸೇರಿ ಸುಮಾರು ಆರು ಲಕ್ಷ ರೂಪಾಯಿ ಬೇಕಾದೀತೆಂದು ಮೇಸ್ತ್ರಿ ಅಂದಾಜು ಕೊಟ್ಟಿದ್ದಾರೆ. ಮರದ ದರ ಏರಿದರೆ ಇನ್ನಷ್ಟು ಆಗಬಹುದು. ದೀಪಾವಳಿಯೊಳಗೆ ಮುಂಗಡ ಕೊಡದಿದ್ದರೆ ಅವರು ಬೇರೆ ಕೆಲಸ ಹಿಡಿಯುತ್ತಾರೆ. ಆದುದರಿಂದ ತಮ್ಮಿಂದಾದಷ್ಟು ಮೊತ್ತವನ್ನು ಟ್ರಸ್ಟಿನ ಹೆಸರಿಗೆ ಚೆಕ್ ಮೂಲಕವಾಗಲಿ, ಕಚೇರಿಗೆ ಬಂದು ನಗದಾಗಿಯಾಗಲಿ ಕೊಟ್ಟು ರಸೀದಿ ಪಡೆಯಬೇಕಾಗಿ ಕೋರುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಟ್ರಸ್ಟಿಗಳು