ಶಾಲು ಸಾಕು, ಕಾಲಿಗೆ ಕೆಲಸ ಕೊಡಿ

ಮಾನ್ಯರೇ,

ಅಕ್ಟೋಬರ್ 1ರ ವಿಶ್ವ ಹಿರಿಯರ ದಿನ ಬಂತೆಂದರೆ ಊರೂರಲ್ಲಿ ಹಿರಿಯರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ವೇದಿಕೆಯ ತಗ್ಗು ಸೋಫಾದಿಂದ ಅವರನ್ನು ಎಬ್ಬಿಸಲು ಇಬ್ಬರು ಕೈ ಹಿಡಿಯಬೇಕಾಗುತ್ತದೆ, ಅದನ್ನು ಯಾರೂ ಗಮನಿಸುವುದಿಲ್ಲ. ‘ಮನಸ್ಸಿಗೆ ಮುಪ್ಪಿಲ್ಲ’ ಎಂಬ ಭಾಷಣ ಕಾಲಿಗೆ ಇಳಿಯದಿದ್ದರೆ ಏನು ಬಂತು?

ಅಮೆರಿಕದ ಒಹಾಯೊದಲ್ಲಿ 50 ದಾಟಿದ 660 ಜನರನ್ನು ಕುರಿತು ಸಂಶೋಧಕಿ ಬೆಕ್ಕಾ ಲೆವಿ ತಂಡ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಪ್ಪನ್ನು ಒಳ್ಳೆಯ ಭಾವದಿಂದ ಕಂಡವರು ಉಳಿದವರಿಗಿಂತ 7.5 ವರ್ಷ ಹೆಚ್ಚು ಬದುಕಿದ್ದರು. ಇದರಲ್ಲಿ ಪವಾಡ ಹುಡುಕಬೇಕಿಲ್ಲ. ‘ವಯಸ್ಸಾಯ್ತು, ಇನ್ನೇನು’ ಎಂದವರು ಮೊದಲು ಬಿಡುವುದು ಓಡಾಟವನ್ನು. ಮನೆಯವರೂ ‘ನೀವು ಕೂತಿರಿ ಅಮ್ಮ, ನಾವ್ ಮಾಡ್ತೀವಿ’ ಎಂದು ಪ್ರೀತಿಯಿಂದಲೇ ಕೆಲಸ ಕಸಿದುಕೊಳ್ಳುತ್ತಾರೆ. ಬಳಸದ ಸ್ನಾಯು ಕರಗುತ್ತದೆ. ಆದರೆ ಕರಗಿದ್ದು ಮರಳಿ ಬರುತ್ತದೆ: 1990ರಲ್ಲಿ ಬಾಸ್ಟನ್ನಿನ ಆರೈಕೆ ಕೇಂದ್ರವೊಂದರಲ್ಲಿ ಸುಮಾರು 90 ವಯಸ್ಸಿನವರಿಗೆ 8 ವಾರ ಕಾಲಿನಿಂದ ತೂಕ ಎತ್ತಿಸಿದಾಗ ತೊಡೆಯ ಬಲ ಎರಡೂವರೆ ಪಟ್ಟಿಗೂ ಮಿಕ್ಕಿತ್ತು.

ಕಾಲಿನ ಬಲಕ್ಕೆ ನಮ್ಮ ಮನೆಗಳಲ್ಲಿ ಒಂದು ಕುರ್ಚಿಯ ವ್ಯಾಯಾಮ ಸಾಕು. ಸುಮಾರು 17 ಇಂಚು ಎತ್ತರದ ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿಡಿ. ಪ್ಲಾಸ್ಟಿಕ್ ಕುರ್ಚಿ ಟೈಲ್ಸ್ ಮೇಲೆ ಹಿಂದಕ್ಕೆ ಜಾರುತ್ತದೆ. ಮುಂದಿನ ಅರ್ಧಕ್ಕೆ ಸರಿದು ಕೂತು, ಪಾದಗಳನ್ನು ಮಂಡಿಗಿಂತ ತುಸು ಹಿಂದೆ ಊರಿ, ಕೈಗಳನ್ನು ಎದೆಗೆ ಕಟ್ಟಿ, ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಬಾಗಿ ಎದ್ದು ನಿಲ್ಲಬೇಕು. ಮೂರು ಎಣಿಸುತ್ತ ಕೂರಬೇಕು. 8–10 ಸಲಕ್ಕೆ ಒಂದು ಸುತ್ತು. ಎರಡು ಸುತ್ತು, ದಿನ ಬಿಟ್ಟು ದಿನ. ಆಗದವರು ಗಟ್ಟಿ ದಿಂಬು ಹಾಕಿ ಎತ್ತರಿಸಿಕೊಂಡು, ವಾರ ಕಳೆದಂತೆ ತೆಗೆಯಲಿ.

ಈ ವ್ಯಾಯಾಮ ಕೆಡುವುದು ಹೆಚ್ಚಾಗಿ ಕೂರುವಾಗ. ದೊಪ್ಪನೆ ಕುಸಿದರೆ ತೊಡೆಗೆ ಕೆಲಸವೇ ಇಲ್ಲ, ಬೆನ್ನಿಗೆ ಏಟು. ಉಸಿರು ಬಿಗಿಹಿಡಿದರೆ ಬಿಪಿ ಏರುತ್ತದೆ. ಏಳುವಾಗ ಉಸಿರು ಬಿಡಿ. ಮಂಡಿಗಳು ಒಳಕ್ಕೆ ವಾಲಿದರೆ ನೋವು, ಆಮೇಲೆ ‘ನನಗಿದು ಆಗಿಬರಲ್ಲ’ ಎಂಬ ತೀರ್ಪು. ಎದ್ದಾಗ ತಲೆ ಸುತ್ತುವವರು, ಎದೆನೋವು ಇರುವವರು, ಇತ್ತೀಚೆಗೆ ಆಪರೇಷನ್ ಆದವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಬಲ ಅಳೆಯುವುದೂ ಇದರಿಂದಲೇ: ಕೈ ಊರದೆ 30 ಸೆಕೆಂಡಿನಲ್ಲಿ ಎಷ್ಟು ಸಲ ಏಳುತ್ತೀರಿ? 65–69ರ ಹೆಂಗಸರು 11ಕ್ಕೂ ಗಂಡಸರು 12ಕ್ಕೂ ಕಡಿಮೆ ಎದ್ದರೆ ಕಾಲು ಸೋತಿದೆ ಎಂದರ್ಥ.

ಊಟವೂ ಜೊತೆಗೂಡಬೇಕು. ಕಿಲೋ ತೂಕಕ್ಕೆ ದಿನಕ್ಕೆ 1 ಗ್ರಾಂ ಪ್ರೋಟೀನ್, ಅಂದರೆ 60 ಕಿಲೋ ಇರುವವರಿಗೆ 60 ಗ್ರಾಂ. ‘ಹಗುರವಾಗಿರಲಿ’ ಎಂದು ರಾತ್ರಿ ತಿಳಿಸಾರು ಅನ್ನ, ಮಜ್ಜಿಗೆಯಲ್ಲಿ ಮುಗಿಸಿದರೆ 10 ಗ್ರಾಂ ಸಿಕ್ಕರೆ ಹೆಚ್ಚು. ಒಂದು ಮೊಟ್ಟೆ ಅಥವಾ ಲೋಟ ಹಾಲಿಗೆ 6 ಗ್ರಾಂ, ಹಿಡಿ ಕಡಲೆಕಾಯಿ ಬೀಜಕ್ಕೆ 7. ಕಿಡ್ನಿ ತೊಂದರೆ ಇದ್ದವರ ಲೆಕ್ಕ ಬೇರೆ, ವೈದ್ಯರೇ ಹೇಳಬೇಕು.

ನಗರಸಭೆ, ಪಾಲಿಕೆಗಳಿಗೂ ಒಂದು ಮಾತು. ಪಾರ್ಕುಗಳ ಎಷ್ಟೋ ಕಲ್ಲುಬೆಂಚುಗಳಿಗೆ ಒರಗಲು ಬೆನ್ನಿಲ್ಲ, ಊರಿ ಏಳಲು ಕೈಯಿಲ್ಲ. ಇನ್ನು ಮುಂದೆ ಹಾಕಿಸುವ ಬೆಂಚುಗಳಾದರೂ 17–18 ಇಂಚು ಎತ್ತರವಿದ್ದು, ಎರಡೂ ಬದಿಗೆ ಕೈಯಾಸರೆ ಇರಲಿ. ದಣಿದು ಕೂತವರು ಯಾರನ್ನೂ ಕರೆಯದೆ ಎದ್ದು ಇನ್ನೊಂದು ಸುತ್ತು ಹಾಕಬಹುದು.

– ಇಬ್ಬರು ಫಿಸಿಯೋಥೆರಪಿಸ್ಟರು, ಮೈಸೂರು