ಗೆದ್ದ ಪುಸ್ತಕವಷ್ಟೇ ಸುದ್ದಿಯಾದರೆ ಸಾಕೇ?

ಮಾನ್ಯರೇ,

ದೊಡ್ಡ ಸಾಹಿತ್ಯ ಪ್ರಶಸ್ತಿ ಬಂದ ಮರುದಿನ ಎಲ್ಲ ಪತ್ರಿಕೆಗಳ ಮುಖಪುಟದಲ್ಲೂ ಲೇಖಕರ ಫೋಟೊ ಇರುತ್ತದೆ. ಸಂತೋಷವೇ. ಆದರೆ ಅದೇ ಪ್ರಶಸ್ತಿಯ ಕೊನೆಯ ಸುತ್ತಿನಲ್ಲಿ ಇನ್ನೂ ಯಾವ ಪುಸ್ತಕಗಳಿದ್ದವು, ಅವು ಹೇಗಿವೆ ಎನ್ನುವುದನ್ನು ಯಾರೂ ಬರೆಯುವುದಿಲ್ಲ. 2013ರಲ್ಲಿ ಯು.ಆರ್. ಅನಂತಮೂರ್ತಿಯವರು ಬೂಕರ್ ಅಂತರರಾಷ್ಟ್ರೀಯ ಪ್ರಶಸ್ತಿಯ ಅಂತಿಮ ಹತ್ತು ಮಂದಿಯಲ್ಲಿ ಒಬ್ಬರಾಗಿದ್ದರು. ಉಳಿದ ಒಂಬತ್ತು ಮಂದಿ ಯಾರು ಅಂತ ಕೇಳಿ ನೋಡಿ. ಸಾಹಿತ್ಯ ಪಾಠ ಮಾಡುವ ಮೇಷ್ಟ್ರುಗಳೂ ತಲೆ ಕೆರೆದುಕೊಳ್ಳುತ್ತಾರೆ.

2025ರಲ್ಲಿ ರಾಯಚೂರಿನ ನಾವು ಕೆಲವು ಗೆಳೆಯರು ಸೇರಿ ಬೇರೆ ರೀತಿ ಮಾಡಿದೆವು. ಇಂಗ್ಲಿಷಿಗೆ ಅನುವಾದವಾದ ಪುಸ್ತಕಕ್ಕೆ ಕೊಡುವ ಆ ವರ್ಷದ ಅಂತರರಾಷ್ಟ್ರೀಯ ಬೂಕರ್‌ಗೆ ಫೆಬ್ರುವರಿಯಲ್ಲಿ 13 ಪುಸ್ತಕಗಳ ಪಟ್ಟಿ ಬಂತು, ಏಪ್ರಿಲ್‌ನಲ್ಲಿ ಆರಕ್ಕೆ ಇಳಿಯಿತು, ಮೇ 20ಕ್ಕೆ ಪ್ರಶಸ್ತಿ. ಆರರಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಇದೆ ಎಂದು ಗೊತ್ತಾದ ಕೂಡಲೇ ಉಳಿದ ಐದನ್ನೂ ಓದೋಣ ಅಂತ ನಿರ್ಧರಿಸಿದೆವು. ಒಬ್ಬರು ಆನ್‌ಲೈನ್‌ನಲ್ಲಿ ತರಿಸಿದರು, ಇನ್ನೊಬ್ಬರು ಮೊಬೈಲ್‌ನಲ್ಲೇ ಓದಿದರು. ಕೈಯಿಂದ ಕೈಗೆ ದಾಟಿಸಿಕೊಂಡೆವು. ಎರಡು ಪುಸ್ತಕ, ಒಂದು ಜಪಾನಿನದು, ಒಂದು ಫ್ರಾನ್ಸಿನದು, ಕೊನೆಗೂ ಸಿಗಲಿಲ್ಲ.

ಸಿಕ್ಕವುಗಳಲ್ಲಿ ಜಾಸ್ತಿ ಜಗಳ ಹಚ್ಚಿದ್ದು ಫ್ರೆಂಚ್ ಲೇಖಕ ವಿನ್ಸೆಂಟ್ ಡೆಲಕ್ರೋವಾ ಅವರ ‘ಸ್ಮಾಲ್ ಬೋಟ್’. 2021ರ ನವೆಂಬರ್‌ನಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟುತ್ತಿದ್ದ ವಲಸಿಗರ ದೋಣಿ ಮುಳುಗಿ ಕನಿಷ್ಠ 27 ಜನ ಸತ್ತರು. ಅವರು ಫೋನ್ ಮಾಡಿ ಅಂಗಲಾಚಿದರೂ ನೆರವು ಹೋಗಲಿಲ್ಲ. ಕಥೆ ಹೇಳುವವಳು ಆ ಕರೆ ತೆಗೆದುಕೊಂಡ ರಕ್ಷಣಾ ಕೇಂದ್ರದ ಹೆಂಗಸು. ತಾನು ಮಾಡಿದ್ದು ತಪ್ಪೇ ಅಲ್ಲ ಅಂತ ವಾದಿಸುತ್ತಾಳೆ. ನಮ್ಮಲ್ಲಿ ಅರ್ಧ ಜನ ಅವಳ ಮೇಲೆ ಹರಿಹಾಯ್ದರು, ಇನ್ನರ್ಧ ಜನ ‘ಅವರನ್ನು ದೋಣಿ ಹತ್ತಿಸಿದ್ದು ಯಾರು, ಅದನ್ನು ಮೊದಲು ಹೇಳಿ’ ಎಂದರು. ಊರಿಗೆ ಊರೇ ಬೆಂಗಳೂರಿಗೆ ಗುಳೆ ಹೋಗುವುದನ್ನು ನೋಡಿದ ಜಿಲ್ಲೆ ನಮ್ಮದು. ಆ ಮಾತು ಫ್ರಾನ್ಸಿಗಷ್ಟೇ ನಿಲ್ಲಲಿಲ್ಲ.

ಇಟಲಿಯ ‘ಪರ್ಫೆಕ್ಷನ್’ ಬರ್ಲಿನ್‌ನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ದುಡಿಯುವ ಜೋಡಿಯ ಕಥೆ. ಐಟಿ ಮಕ್ಕಳಿರುವ ಅಪ್ಪ ಅಮ್ಮಂದಿರು ಓದಬೇಕು, ಸಣ್ಣದಾಗಿದೆ. ಡೆನ್ಮಾರ್ಕಿನ ಕಾದಂಬರಿಯ ನಾಯಕಿಗೆ ದಿನಾ ನವೆಂಬರ್ 18. ನಮ್ಮ ಬಳಗದ ಕೆಲವರು ಆ ತಾರೀಕು ದಾಟಲಾರದೆ ಪುಸ್ತಕ ಮುಚ್ಚಿಟ್ಟರು. ನನಗೆ ಮಾತ್ರ ಇಷ್ಟವಾಯಿತು.

ಬಾನು ಅವರ ಕಥೆಗಳನ್ನು ಕನ್ನಡದಲ್ಲೇ ಓದಿದೆವು. ‘ಹಾರ್ಟ್ ಲ್ಯಾಂಪ್’ಗಾಗಿ ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ಅನುವಾದಿಸಿದ 12 ಕಥೆಗಳು 1990ರಿಂದ 2023ರವರೆಗೆ ಬರೆದವು. ಕನ್ನಡದಲ್ಲಿ ಬೇರೆ ಬೇರೆ ಸಂಕಲನಗಳಲ್ಲಿ ಹರಡಿಕೊಂಡಿವೆ, ಹುಡುಕಬೇಕಾಯಿತು. ಎಲ್ಲ 12 ಕಥೆಗಳೂ ಒಂದೇ ತೂಕದವು ಅಂತ ನಾನು ಹೇಳಲಾರೆ. ಬಾನು ವೃತ್ತಿಯಲ್ಲಿ ವಕೀಲೆ; ಕೆಲವು ಕಡೆ ಕಥೆಗಾರ್ತಿಯನ್ನು ಸರಿಸಿ ಆ ವಕೀಲೆ ಮುಂದೆ ಬರುತ್ತಾರೆ. ಆದರೆ ಉಳಿದ ಪುಸ್ತಕಗಳ ಜೊತೆಗಿಟ್ಟು ಓದಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಯುರೋಪಿನ ಆ ಪುಸ್ತಕಗಳಲ್ಲಿ ಒಬ್ಬೊಬ್ಬರೇ, ಹೆಚ್ಚೆಂದರೆ ಇಬ್ಬರು, ತಮ್ಮೊಳಗೇ ಮಾತಾಡಿಕೊಳ್ಳುತ್ತಾರೆ. ಬಾನು ಅವರ ಮನೆಗಳಲ್ಲಿ ಅತ್ತೆ, ನಾದಿನಿ, ಮಕ್ಕಳು, ಮಸೀದಿಯ ಆಡಳಿತ ನೋಡುವ ಮುತವಲ್ಲಿ, ಪಕ್ಕದ ಮನೆಯವರು ಎಲ್ಲ ತುಂಬಿಕೊಂಡಿರುತ್ತಾರೆ. ಅಷ್ಟು ಜನರ ನಡುವೆಯೂ ಹೆಣ್ಣಿನ ಮಾತು ಕೇಳುವವರಿಲ್ಲ. ರಾಯಚೂರಿನ ತೀನ್ ಕಂದೀಲ್ ವೃತ್ತದ ಸುತ್ತ ಕನ್ನಡ, ಉರ್ದು ಎರಡೂ ಕೇಳುತ್ತಾ ಬೆಳೆದ ನಮಗೆ ಆ ಮನೆಗಳು ಹೊಸವಲ್ಲ. ಆದರೂ ಅವರ ಕಥೆಗಳನ್ನಷ್ಟೇ ಓದಿದ್ದರೆ ಇದು ಹೀಗೆ ಹೊಳೆಯುತ್ತಿರಲಿಲ್ಲ ಅನಿಸುತ್ತದೆ.

ಇಂಥ ಓದು ನಮ್ಮದೇ ಪ್ರಶಸ್ತಿಗಳಿಗೆ ಯಾಕೆ ಸಾಧ್ಯವಿಲ್ಲ? ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗೆ ಐದು ವರ್ಷಗಳ ಅವಧಿಯಲ್ಲಿ ಬಂದ ಪುಸ್ತಕಗಳನ್ನು ಪರಿಗಣಿಸುತ್ತಾರೆ. ಕೊನೆಯಲ್ಲಿ ಮೂವರ ತೀರ್ಪುಗಾರರ ಸಮಿತಿ ಆರಿಸುತ್ತದೆ. ಕೊನೆಯ ಸುತ್ತಿಗೆ ಬಂದ ಪುಸ್ತಕಗಳ ಹೆಸರನ್ನು ಎರಡು ತಿಂಗಳು ಮೊದಲೇ ಸಾರಿದರೆ ನಾವೂ ಓದಿಕೊಂಡು ಕಾಯುತ್ತೇವೆ, ಅಲ್ವಾ? ಹಾಗೆ ಮಾಡಿದರೆ ಲಾಬಿ ಜಾಸ್ತಿಯಾಗುತ್ತದೆ ಎನ್ನುವವರಿದ್ದಾರೆ. ಲಾಬಿ ಮಾಡುವವರಿಗೆ ಪಟ್ಟಿ ಹೇಗೂ ಗೊತ್ತಾಗುತ್ತದೆ. ಗೊತ್ತಾಗದೆ ಇರುವುದು ಓದುಗರಿಗೆ.

ಇನ್ನು ಗ್ರಂಥಾಲಯ. ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಒಂದು ಗ್ರಂಥಾಲಯದಲ್ಲಿ ಬಾನು ಅವರ ಸಂಕಲನ ಕೇಳಿದರೆ ‘ಪ್ರಶಸ್ತಿ ಬಂದರೆ ತರಿಸ್ತೀವಿ’ ಅಂದರು. 2016ರ ಡಿಸೆಂಬರ್‌ನಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದ ಊರು ನಮ್ಮದು.

ನಿಮ್ಮಲ್ಲಿ ಕೇಳುವುದು ಇಷ್ಟೇ. ಮುಂದಿನ ಸಲ ಯಾವುದೇ ಪ್ರಶಸ್ತಿಯ ಅಂತಿಮ ಪಟ್ಟಿ ಬಂದಾಗ, ಭಾನುವಾರದ ಪುರವಣಿಯಲ್ಲಿ ವಾರಕ್ಕೊಂದು ಪುಸ್ತಕದ ಬಗ್ಗೆ ಅರ್ಧ ಕಾಲಂ ಬರೆಸಿ. ಸುಮ್ನೆ ಹೊಗಳಿಕೆ ಬೇಡ, ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅಂತಲೇ ಬರಲಿ. ಜಾಗ ಸಾಲದು ಅಂತೀರಾದರೆ ವಾರ ಭವಿಷ್ಯದ ಪಕ್ಕದಲ್ಲಿ ಕೊಟ್ಟರೂ ನಡೆಯುತ್ತದೆ.

– ಒಬ್ಬ ಓದುಗ, ರಾಯಚೂರು