ಅಡುಗೆಮನೆಯ ‘ನೈಸ್’ ಬೇರೆ, ಇಂಗ್ಲಿಷಿನ ‘ನೈಸ್’ ಬೇರೆ

ಮಾನ್ಯರೇ,

ಪತ್ರಿಕೆಗಳ ವಿದ್ಯಾರ್ಥಿ ಪುಟಗಳಲ್ಲಿ ದಿನಕ್ಕೊಂದು ಇಂಗ್ಲಿಷ್ ಪದ, ಅದರೆದುರು ಒಂದು ಕನ್ನಡ ಅರ್ಥ ಕೊಡುವ ರೂಢಿ ಇದೆ. ಎಷ್ಟೋ ಪದಗಳಿಗೆ ಅಷ್ಟೇ ಸಾಕು. ಆದರೆ ‘ನೈಸ್’ ಎಂಬುದಕ್ಕೆ ‘ಒಳ್ಳೆಯ, ಸೊಗಸಾದ’ ಎಂದು ಬರೆದು ಕೈತೊಳೆದುಕೊಂಡರೆ ಆಗದು. ಈ ಪದ ಮಕ್ಕಳಿಗೆ ಶಾಲೆಗಿಂತ ಮೊದಲೇ ಮನೆಯಲ್ಲಿ ಗೊತ್ತಿರುತ್ತದೆ. ತೊಡಕು ಇರುವುದೂ ಅಲ್ಲೇ.

ಮಲೆನಾಡಿನಲ್ಲಿ ನೀರುದೋಸೆಗೆ ಅಕ್ಕಿಯನ್ನು ‘ನೈಸಾಗಿ’ ರುಬ್ಬಬೇಕು. ಕಡುಬಿಗಾದರೆ ತರಿ ಬೇಕು. ಹಿಟ್ಟಿನ ಗಿರಣಿಯಲ್ಲಿ ‘ನೈಸ್ ಮಾಡಿಕೊಡಿ’ ಎಂದರೆ ಸಣ್ಣಗೆ ಬೀಸಿ ಎಂದರ್ಥ. ಇಂದಿನ ಇಂಗ್ಲಿಷಿನ ನೈಸ್‌ಗೆ ಈ ಅರ್ಥ ಇಲ್ಲ. ‘ಗ್ರೈಂಡ್ ಇಟ್ ನೈಸ್ಲಿ’ ಎಂದು ಬರೆದರೆ ಓದಿದವರು ‘ಚೆನ್ನಾಗಿ ರುಬ್ಬು’ ಎಂದಷ್ಟೇ ತಿಳಿಯುತ್ತಾರೆ, ತರಿ ಉಳಿದರೂ ಅವರ ತಪ್ಪಲ್ಲ. ಪುಡಿಗೆ ‘ಫೈನ್’, ರುಬ್ಬಿದ ಹಿಟ್ಟಿಗೆ ‘ಸ್ಮೂತ್’ ಎನ್ನಬೇಕು. ‘ಸಾಹೇಬರಿಗೆ ನೈಸ್ ಮಾಡಿ ಕೆಲಸ ಮಾಡಿಸಿಕೊಂಡ’ ಎಂಬುದಂತೂ ಅಪ್ಪಟ ಕನ್ನಡ. ಅಲ್ಲಿ ಇಂಗ್ಲಿಷಿನವರು ‘ಬಟರ್ಡ್ ಹಿಮ್ ಅಪ್’ ಎನ್ನುತ್ತಾರೆ. ಬೆಣ್ಣೆ ಹಚ್ಚುವ ವಿದ್ಯೆ ಅವರಿಗೂ ಗೊತ್ತು! ಕನ್ನಡದ ‘ನಯ’ಕ್ಕೆ ನುಣುಪು, ವಿನಯ ಎರಡೂ ಅರ್ಥಗಳಿವೆ. ಅದು ಕೂರುವ ಜಾಗದಲ್ಲೆಲ್ಲ ನಾವು ನೈಸ್ ಕೂರಿಸಿದ್ದೇವೆ.

ಪದದ ಜಾತಕವೂ ವಿಚಿತ್ರವಾಗಿದೆ. ಮೂಲ ಲ್ಯಾಟಿನ್ನಿನ ‘ನೆಸ್ಕಿಯುಸ್’, ಅಂದರೆ ಅರಿಯದವನು. ಹಳೆಯ ಫ್ರೆಂಚ್ ದಾಟಿ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ‘ಪೆದ್ದ’ ಎಂಬ ಬೈಗುಳವಾಗಿತ್ತು. ಮುಂದೆ ಅತಿ ನಾಜೂಕಿನ, ಆಮೇಲೆ ಸೂಕ್ಷ್ಮವಾದ ಎಂದೆಲ್ಲ ಹೊರಳಿ, 18ನೇ ಶತಮಾನದಲ್ಲಿ ‘ಹಿತವಾದ’ ಎಂಬ ಈಗಿನ ಅರ್ಥಕ್ಕೆ ಬಂತು. ನಡುವಿನ ಅರ್ಥ ಇನ್ನೂ ಅಳಿದಿಲ್ಲ: ‘ಎ ನೈಸ್ ಡಿಸ್ಟಿಂಕ್ಷನ್’ ಎಂದರೆ ಸೂಕ್ಷ್ಮ ವ್ಯತ್ಯಾಸ. ಅದನ್ನು ‘ಸೊಗಸಾದ ವ್ಯತ್ಯಾಸ’ ಎಂದು ಅನುವಾದಿಸಿದರೆ ವಾಕ್ಯವೇ ಕೆಡುತ್ತದೆ.

ಮಕ್ಕಳ ಬರವಣಿಗೆಯಲ್ಲಿ ಹೆಚ್ಚು ಕಾಣುವ ತಪ್ಪು ‘ಶಿ ಲುಕ್ಸ್ ನೈಸ್ಲಿ’. ಕಾರಣ ನಮ್ಮ ‘ಚೆನ್ನಾಗಿ’. ಚೆನ್ನಾಗಿ ಹಾಡಿದಳು, ಚೆನ್ನಾಗಿ ಕಾಣುತ್ತಾಳೆ ಎರಡಕ್ಕೂ ನಮಗೆ ಒಂದೇ ರೂಪ. ಇಂಗ್ಲಿಷಿನಲ್ಲಿ ಹಾಡಿದ್ದಕ್ಕೆ ‘ನೈಸ್ಲಿ’, ಕಾಣುವುದಕ್ಕೆ ‘ನೈಸ್’. ಪರೀಕ್ಷಿಸುವ ಬಗೆ ಸುಲಭ: ಕ್ರಿಯಾಪದ ತೆಗೆದು ಅಲ್ಲಿ ‘ಈಸ್’ ಇಟ್ಟು ನೋಡಿ. ‘ಶಿ ಈಸ್ ನೈಸ್’, ‘ದಿ ಕಾಫಿ ಈಸ್ ನೈಸ್’ ನಿಲ್ಲುತ್ತವೆ, ಹೇಳಬೇಕಾದ ಮಾತೂ ಹೆಚ್ಚುಕಡಿಮೆ ಉಳಿಯುತ್ತದೆ. ಆದ್ದರಿಂದ ಲುಕ್, ಸ್ಮೆಲ್, ಟೇಸ್ಟ್, ಫೀಲ್‌ಗಳ ಜೊತೆ ನೈಸ್ ಬರುತ್ತದೆ. ‘ಶಿ ಸ್ಯಾಂಗ್’ ಇರುವಲ್ಲಿ ‘ಈಸ್’ ಇಟ್ಟರೆ ಹಾಡಿನ ಸುದ್ದಿಯೇ ಹಾರಿಹೋಗುತ್ತದೆ, ಅಲ್ಲಿ ನೈಸ್ಲಿ.

‘ನನ್ನ ಜೊತೆ ಚೆನ್ನಾಗಿದ್ದಾರೆ’ ಎಂಬುದರ ನೆರಳಲ್ಲಿ ‘ನೈಸ್ ವಿತ್ ಮಿ’ ಎಂದು ಬರೆಯುವವರಿದ್ದಾರೆ. ಅದು ‘ನೈಸ್ ಟು ಮಿ’ ಆಗಬೇಕು. ಒಬ್ಬರು ಮಾಡಿದ ಕೆಲಸಕ್ಕೆ ಅವರ ಗುಣವನ್ನು ಮೆಚ್ಚುವಾಗ ‘ನೈಸ್ ಆಫ್ ಯು ಟು ಕಮ್’. ವಿಶೇಷಣಗಳು ಸಾಲಾಗಿ ಬಂದರೆ ಮೆಚ್ಚುಗೆಯದು ಮೊದಲು: ‘ಎ ನೈಸ್ ಓಲ್ಡ್ ವುಡನ್ ಹೌಸ್’. ‘ವುಡನ್ ಓಲ್ಡ್ ನೈಸ್ ಹೌಸ್’ ಎಂದರೆ ಕಿವಿಗೆ ಕರ್ಕಶ. ‘ಮೋರ್ ನೈಸ್’ಗಿಂತ ‘ನೈಸರ್’ ಸಹಜ. ‘ಮೋರ್ ನೈಸರ್’ ತಪ್ಪೇ. ‘ನೈಸ್ ಅಂಡ್ ಹಾಟ್’ ಎಂದರೆ ಚೆನ್ನಾಗಿಯೂ ಇದೆ, ಬಿಸಿಯೂ ಇದೆ ಎಂದಲ್ಲ, ಹದವಾಗಿ ಬಿಸಿಯಾಗಿದೆ ಎಂದು. ‘ನೈಸ್ ಟು ಮೀಟ್ ಯು’ ಮೊದಲ ಭೇಟಿಗೆ ಮಾತ್ರ. ಪರಿಚಯದವರಿಗೆ ‘ಮೀಟ್’ ಬದಲು ‘ಸೀ’.

ಹೊಗಳಿಕೆಯ ತೂಕವನ್ನಂತೂ ಯಾರೂ ಹೇಳಿಕೊಡುವುದಿಲ್ಲ. ನೈಸ್ ಮೆದು ಪದ. ಚಹಾ, ಹವೆ, ಸಂಜೆಯ ತಿರುಗಾಟ, ನೆರೆಯವರ ನಡತೆ ಇವಕ್ಕೆ ಸರಿ. ಮಳೆಗಾಲದಲ್ಲಿ ಶರಾವತಿ 253 ಮೀಟರ್ ಎತ್ತರದಿಂದ ಧುಮ್ಮಿಕ್ಕುವುದನ್ನು ಪ್ರಬಂಧದಲ್ಲಿ ‘ಜೋಗ್ ಈಸ್ ವೆರಿ ನೈಸ್’ ಎಂದು ಬರೆದರೆ, ‘ಪರವಾಗಿಲ್ಲ ಬಿಡಿ’ ಎಂದಂತೆ ಆಗುತ್ತದೆ. ಅಲ್ಲಿ ‘ಮ್ಯಾಗ್ನಿಫಿಸೆಂಟ್’ ಬೇಕು.

ಕೊನೆಯ ಮಾತು ಉತ್ತರಪತ್ರಿಕೆ ತಿದ್ದುವವರಿಗೆ. ಸರಿಯುತ್ತರದ ಪಕ್ಕ ‘ನೈಸ್ ಟ್ರೈ’ ಎಂದು ಬರೆಯಬೇಡಿ. ಅದು ಯತ್ನ ಫಲಿಸದವರಿಗೆ ಹೇಳುವ ಸಮಾಧಾನ, ಕೆಲವೊಮ್ಮೆ ಕುಹಕ. ಉತ್ತರ ಸರಿಯಿದ್ದರೆ ‘ನೈಸ್ ವರ್ಕ್’ ಎನ್ನಿ.

– ಇಂಗ್ಲಿಷ್ ಅಧ್ಯಾಪಕರು, ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ